ಕೊಂಬಿನ ಗುಂಡಿಗಳು

ಕಾಲರನ್ನು ತುದಿಯಿಂದ ನಡುವಿಗೆ ಒತ್ತಬೇಕು. ನಡುವಿನಿಂದ ತುದಿಗೆ ಒತ್ತಿದರೆ ಸುಕ್ಕೆಲ್ಲ ಮೂಲೆಗೆ ಓಡಿಬಂದು ಅಲ್ಲೇ ಠಿಕಾಣಿ ಹೂಡುತ್ತದೆ. ಅವಳು ಎಡ ತುದಿ ಮುಗಿಸಿ ಬಲ ತುದಿಗೆ ನೀರು ಚಿಮುಕಿಸುತ್ತಿದ್ದಳು. ಪರದೆಯ ಆಚೆ, ಅಂಗಡಿಯ ಮುಂಭಾಗದಲ್ಲಿ, ಗಂಡ ಯಾರಿಗೋ ಹೇಳುವುದು ಕೇಳಿಸಿತು.

“ನಮ್ಮಲ್ಲಿ ಒಂದು ಬೀರು ಇದೆ ಸಾರ್. ಒಳ್ಳೆ ಬಟ್ಟೆ ಇಲ್ಲದವರಿಗೆ ಅಂತಲೇ ನಾನು ಇಟ್ಟಿರೋದು.”

ಇಸ್ತ್ರಿ ಪೆಟ್ಟಿಗೆ ಅವಳ ಕೈಯಲ್ಲೇ ನಿಂತಿತು. ನಾನಂತೆ! ಆ ಬೀರುವಿನ ಬಾಗಿಲು ಎಡಕ್ಕೆ ತೆರೆಯುತ್ತದೋ ಬಲಕ್ಕೋ ಎಂದು ಯಾರಾದರೂ ಕೇಳಿದರೆ ಒಳಗೆ ಬಂದು ನೋಡಿಕೊಂಡು ಹೋಗಿ ಹೇಳಬೇಕಾದ ಮನುಷ್ಯ.

“ಭೇಷ್! ನಮಗೆ ಬೇಕಾಗಿರೋದೇ ಇಂಥದ್ದು,” ಎಂದಿತು ಇನ್ನೊಂದು ದನಿ. “ಈ ಸಲ ಸಂಘದಿಂದ ಪ್ರಶಸ್ತಿ ಕೊಡ್ತಿದೀವಿ, ‘ಬೀದಿಗೆ ಆಸರೆಯಾದ ಅಂಗಡಿ’ ಅಂತ. ಬೇಕರಿಯವನು ಸಂಜೆ ಉಳಿದ ಬನ್ನು ಹಂಚ್ತಾನಂತೆ. ಔಷಧಿ ಅಂಗಡಿಯವನು ತೂಕದ ಮಷೀನು ಪುಕ್ಕಟೆ ಬಿಟ್ಟಿದಾನಂತೆ. ಅದಕ್ಕೆಲ್ಲ ಏನ್ ಪ್ರಶಸ್ತಿ ಕೊಡೋದು? ನಿಮ್ಮ ಬೀರು ಅಂದ್ರೆ ಕಣ್ಣಲ್ಲಿ ನೀರು ಬರುತ್ತೆ.”

“ತೂಕ ನೋಡ್ಕೊಂಡ್ರೂ ನೀರು ಬರುತ್ತೆ ಸಾರ್.”

ಇಬ್ಬರೂ ನಕ್ಕರು. ಬಂದಿದ್ದಾತ ಬೀದಿಯ ವರ್ತಕರ ಸಂಘದ ಕಾರ್ಯದರ್ಶಿ, ಮೂಲೆಯ ಚಪ್ಪಲಿ ಅಂಗಡಿಯ ಯಜಮಾನ. ಅವಳಿಗೆ ಆತನ ಮುಖಕ್ಕಿಂತ ಆತನ ಕೋಟು ಹೆಚ್ಚು ಪರಿಚಯ. ಕಂದು ಬಣ್ಣದ್ದು, ಒಳಗೆ ಹಸಿರು ರೇಷ್ಮೆಯ ಅಸ್ತರು, ಮುಂದೆ ಕೊಂಬಿನಲ್ಲಿ ಕಡೆದ ಮೂರು ಗುಂಡಿ. ಡ್ರೈಕ್ಲೀನಿಗೆ ತಂದ ದಿನ ಗಂಡ ಅಂಗಡಿಯಲ್ಲಿರಲಿಲ್ಲ. ಕಾರ್ಯದರ್ಶಿ ಒಂದೊಂದು ಗುಂಡಿಯನ್ನೂ ಅವಳ ಕೈಯಲ್ಲಿ ಮುಟ್ಟಿಸಿ, “ಹುಷಾರಮ್ಮಾ, ಇಂಥಾ ಗುಂಡಿ ಈ ಊರಲ್ಲಿ ಇನ್ನೊಬ್ರ ಹತ್ರ ಇಲ್ಲ,” ಎಂದು ಎಚ್ಚರಿಸಿ ಹೋಗಿದ್ದ. ಆಮೇಲೆ ಹೊಟ್ಟೆ ಕೋಟನ್ನು ಮೀರಿ ಬೆಳೆಯಿತು. ಕೋಟು ಕೇಳಿಕೊಂಡು ಆತ ಮತ್ತೆ ಬರಲಿಲ್ಲ. ಅದೀಗ ಬೀರುವಿನ ಕೆಳಗಿನ ಅರೆಯಲ್ಲಿ ಮಡಿಚಿಕೊಂಡು ಮಲಗಿತ್ತು.

ಬೀರು ಶುರುವಾದದ್ದು ಅತ್ತೆಯ ಕಾಲದಲ್ಲಿ. ಒಗೆಯಲು ಕೊಟ್ಟು ಮರಳಿ ಬಾರದವರ ಬಟ್ಟೆ ಪ್ರತಿ ಅಂಗಡಿಯಲ್ಲೂ ಉಳಿಯುತ್ತದೆ. ಕೆಲವರು ಊರು ಬಿಡುತ್ತಾರೆ, ಕೆಲವರು ದಪ್ಪಗಾಗುತ್ತಾರೆ, ಕೆಲವರು ಸಾಯುತ್ತಾರೆ. ಬೇರೆಯವರು ವರ್ಷ ಕಾದು ಚಿಂದಿಗೆ ಹಾಕುತ್ತಾರೆ. ಅತ್ತೆ ಹಾಕಲಿಲ್ಲ. ಒಂದೇ ಒಂದು ದಿನದ ಮಟ್ಟಿಗೆ ಒಳ್ಳೆಯ ಬಟ್ಟೆ ಬೇಕಾದವರು ಎಲ್ಲ ಬೀದಿಯಲ್ಲೂ ಇರುತ್ತಾರೆ. ಕೆಲಸದ ಸಂದರ್ಶನಕ್ಕೆ ಹೋಗುವವರು, ಕೋರ್ಟಿನಲ್ಲಿ ನಿಲ್ಲಬೇಕಾದವರು, ಮಗುವನ್ನು ಶಾಲೆಗೆ ಸೇರಿಸಲು ಹೆಡ್‌ಮಾಸ್ತರರ ಮುಂದೆ ಕೂರಬೇಕಾದವರು. ಅವರಿಗೆ ಎರವಲು.

ಆದರೆ ಎರವಲು ಎಂದು ಯಾರೂ ಕೇಳುವಂತಿರಲಿಲ್ಲ. ಮನೆಯಿಂದ ಒಂದು ದಿಂಬಿನ ಚೀಲವನ್ನೋ ಟವೆಲನ್ನೋ ತಂದು ಕಟ್ಟೆಯ ಮೇಲಿಟ್ಟು, “ಅಕ್ಕ, ಸ್ವಲ್ಪ ಅರ್ಜೆಂಟು,” ಎಂದರೆ ಸಾಕು. ತಲೆಯ ಮೇಲೆ ‘ಅರ್ಜೆಂಟ್ ಕೆಲಸ ಮಾಡುವುದಿಲ್ಲ’ ಎಂಬ ಬೋರ್ಡು ತೂಗುತ್ತಿತ್ತು. ಅದನ್ನು ಓದಿಯೂ ಅರ್ಜೆಂಟು ಎಂದವರು ಬೀರುವಿನವರು. ಅವಳು ಕಣ್ಣಲ್ಲೇ ಅಳತೆ ತೆಗೆದುಕೊಂಡು, ಎಲ್ಲ ಗಿರಾಕಿಗಳಿಗೂ ಕಟ್ಟಿಕೊಡುವ ಅದೇ ಕಂದು ಕಾಗದ, ಅದೇ ದಾರದಲ್ಲಿ ಕಟ್ಟಿಕೊಡುತ್ತಿದ್ದಳು. ಮರಳಿ ತಂದಾಗ ಒಗೆಯಲು ತಂದಂತೆ. ಪಕ್ಕದಲ್ಲೇ ನಿಂತ ಗಿರಾಕಿಗೂ ಸುಳಿವು ಹತ್ತುತ್ತಿರಲಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ಗುರುತು ಕಳೆಯದೆ ಯಾವ ಬಟ್ಟೆಯೂ ಹೊಸ್ತಿಲು ದಾಟಬಾರದು. ಗುಂಡಿ ಬದಲಾಗಬೇಕು, ಜೇಬಿನ ಮುಚ್ಚಳ ಕೀಳಬೇಕು, ಕಾಲರು ತಿರುಗಿಸಿ ಹೊಲಿಯಬೇಕು. ಕೆಳಗಿನ ಅರೆಯಲ್ಲಿ ಹಳೆಯ ಒಡೆಯರ ಗುರುತು ಇನ್ನೂ ಇರುವ ಬಟ್ಟೆ, ಮೇಲಿನ ಅರೆಯಲ್ಲಿ ಗುರುತು ಕಳೆದದ್ದು. “ಹೆತ್ತ ತಾಯಿ ಎದುರಿಗೆ ಬಂದ್ರೂ ಇದು ನನ್ನ ಮಗನ ಅಂಗಿ ಅಂತ ಗೊತ್ತಾಗಬಾರದು ಕಣೇ,” ಎಂದು ಅತ್ತೆ ಅವಳಿಗೆ ಹೇಳಿಕೊಟ್ಟಿದ್ದಳು. “ಊರು ಚಿಕ್ಕದು, ಬಾಯಿ ದೊಡ್ಡದು.” ಈಗ ಅತ್ತೆಗೆ ಕಣ್ಣು ಮಂಜು. ಹಿಂದಿನ ಕೋಣೆಯ ಕಿಟಕಿಯ ಬಳಿ ಕೂತು, ಡಬ್ಬಿಯಲ್ಲಿದ್ದ ಗುಂಡಿಗಳನ್ನು ಬೆರಳಲ್ಲೇ ತಡವಿ ವಿಂಗಡಿಸುತ್ತಾಳೆ.

ಪರದೆಯ ಆಚೆ ಕಾರ್ಯದರ್ಶಿ ಹೊರಡುವ ಮಾತಾಡುತ್ತಿದ್ದ. “ಎರಡೇ ವಿಷಯ ನೆನಪಿಟ್ಕೊಳ್ಳಿ. ಬೀರು ಜನರ ಕಣ್ಣಿಗೆ ಬೀಳೋ ಹಾಗಿರಲಿ. ಆಮೇಲೆ ಸಮಾರಂಭದ ದಿನ, ಬೀರುವಿನ ಬಟ್ಟೆ ಹಾಕ್ಕೊಂಡವರು ವೇದಿಕೆ ಮೇಲೆ ಒಬ್ರಾದ್ರೂ ಇರಬೇಕು. ಮೈಕ್ ನನ್ನ ಕೈಲೇ ಇರುತ್ತೆ, ನಾನೇ ಮಾತಾಡಿಸ್ತೀನಿ. ಸಭೆ ಕರಗಿ ನೀರಾಗುತ್ತೆ ನೋಡಿ.”

“ಒಬ್ರೇನು ಸಾರ್, ಸಾಲಾಗಿ ನಿಲ್ಲಿಸ್ತೀನಿ.”

ಆತ ಹೋದ ಮೇಲೆ ಅವಳು ಪರದೆ ಸರಿಸಿ ಹೊರಗೆ ಬಂದಳು. “ಯಾರನ್ನ ರೀ ನಿಲ್ಲಿಸೋದು?”

“ಓ, ಪರದೆಗೂ ಕಿವಿ ಬಂತು.” ಗಂಡನ ಮುಖ ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗೆ ಹೊಳೆಯುತ್ತಿತ್ತು.

“ತಮಾಷೆ ಬೇಡ. ಮುಖ ಮುಚ್ಚಿಕೊಂಡು ಬರೋವ್ರು ಅವರು. ಅವರನ್ನ ಮೈಕಿನ ಮುಂದೆ ನಿಲ್ಲಿಸ್ತೀರಾ?”

“ಮುಖ ಯಾಕೆ ಮುಚ್ಕೋಬೇಕು? ಕಳ್ಳತನ ಮಾಡಿದಾರಾ? ಒಳ್ಳೆ ಕೆಲಸ ನಾಲ್ಕು ಜನಕ್ಕೆ ಗೊತ್ತಾದ್ರೆ ನಿನಗೇನೇ ಹೊಟ್ಟೆನೋವು?” ಎಂದವನು ಇದ್ದಕ್ಕಿದ್ದಂತೆ ದನಿ ಇಳಿಸಿದ. “ಈ ಬೀದಿಲಿ ನನಗೇನಂತಾರೆ ಗೊತ್ತಲ್ಲ ನಿನಗೆ? ಕೊಳೆ. ಕೊಳೆ ಬಂದ, ಕೊಳೆ ಹೋದ. ಒಂದು ದಿನ ಕುರ್ಚಿ ಹಾಕಿ ಮೇಲೆ ಕೂರಿಸ್ತೀವಿ ಅಂತಿದಾರೆ. ಅದನ್ನೂ ಬೇಡ ಅನ್ನಲಾ?”

ಗೊತ್ತಿತ್ತು. ಚಹಾದ ಅಂಗಡಿಯ ಮುಂದೆ ಆ ಹೆಸರು ಹಿಡಿದು ಕೂಗುವುದನ್ನು ಅವಳೇ ಕೇಳಿದ್ದಳು, ಗಂಡ ನಗುತ್ತ ಓಗೊಡುವುದನ್ನೂ ನೋಡಿದ್ದಳು. ಒಳಗೆ ಬಂದು ಅತ್ತೆಯ ಮುಂದೆ ಕೂತಳು.

“ಕೇಳಿಸ್ತಾ ಅತ್ತೆ?”

“ಕಣ್ಣು ಹೋಗಿದೆ, ಕಿವಿ ಹೋಗಿಲ್ಲ.” ಅತ್ತೆಯ ಬೆರಳು ಗುಂಡಿಗಳ ಮೇಲೆ ಓಡಾಡುತ್ತಲೇ ಇತ್ತು. “ಹೋಗ್ಲಿ ಬಿಡೇ. ಅವನಿಗೂ ಒಂದು ಹೆಸರು ಬರ್ಲಿ.”

“ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಹೇಳಿಕೊಟ್ಟವರೇ ನೀವು.”

“ಹೇಳಿಕೊಟ್ಟವಳು ನಾನೇ. ಅವನನ್ನ ಹೆತ್ತವಳೂ ನಾನೇ.”

ಅವಳು ಎದ್ದು ಹೋಗಿ ಇಸ್ತ್ರಿ ಪೆಟ್ಟಿಗೆ ಹಿಡಿದಳು. ಅಂದು ಒತ್ತಿದ ಅಂಗಿಗಳ ಗೆರೆಗಳು ಚಾಕುವಿನಷ್ಟು ಚೂಪಾಗಿದ್ದವು.

ಅವಳು ಆಸ್ಪತ್ರೆಯ ವಸತಿಗೃಹಗಳಿಗೆ ಹಾಸಿಗೆ ಬಟ್ಟೆ ತಲುಪಿಸಲು ಹೋಗಿದ್ದ ದಿನ ಗಂಡ ಕೆಲಸ ಮುಗಿಸಿಬಿಟ್ಟಿದ್ದ. ಅವಳು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಬರುವಾಗ ದೂರದಿಂದಲೇ ಅಂಗಡಿ ಹೊಳೆಯುತ್ತಿತ್ತು. ಗಾಜಿನ ಬಾಗಿಲಿನ ಹೊಸ ಬೀರು ಕಟ್ಟೆಯ ಪಕ್ಕದಲ್ಲೇ ನಿಂತಿತ್ತು, ಒಳಗೆ ಬಿಳಿ ದೀಪ, ಮೇಲೆ ‘ಆಸರೆ’ ಎಂದು ಕೆತ್ತಿದ ಅಕ್ಷರ. ಕಂದು ಕಾಗದದ ಜಾಗದಲ್ಲಿ ಕಿತ್ತಳೆ ಬಣ್ಣದ ಚೀಲಗಳ ಕಟ್ಟು. ಪ್ರತಿ ಚೀಲದ ಮೇಲೂ ಅಂಗಡಿಯ ಹೆಸರು, ಅದರ ಕೆಳಗೆ ‘ಈ ಉಡುಪು ನಮ್ಮ ನೆರವು’.

“ಹೆಂಗಿದೆ?” ಗಂಡ ಕೈ ಕಟ್ಟಿ ನಿಂತಿದ್ದ. “ಬಣ್ಣದ ಪ್ರಕಾರ ಜೋಡಿಸಿದೀನಿ ನೋಡು. ಬಿಳಿಯಿಂದ ಶುರುವಾಗಿ ಕಪ್ಪಿನವರೆಗೆ. ಮಧ್ಯಾಹ್ನದಿಂದ ಇದೇ ಕೆಲಸ.”

“ಮೇಲಿನ ಅರೇದು, ಕೆಳಗಿನ ಅರೇದು, ಎಲ್ಲ ಬೆರೆಸಿಬಿಟ್ರಾ?”

“ಬಟ್ಟೆಲೂ ಮೇಲು ಕೀಳು ನೋಡ್ತೀಯಾ?”

ಆಗಲೇ ಎಲ್ಲವನ್ನೂ ಹೊರಗೆಳೆದು ಬೇರ್ಪಡಿಸಬೇಕೆಂದು ಕೈ ತುರಿಸಿತು. ಆದರೆ ಹೋಟೆಲಿನ ಮೇಜುಬಟ್ಟೆಯ ರಾಶಿ ಒಳಗೆ ಬಿದ್ದಿತ್ತು, ಮರುದಿನಕ್ಕೆ ಹಾಕೋಣ ಎಂದುಕೊಂಡಳು. ಮರುದಿನ ಬಾಯ್ಲರು ಕೈಕೊಟ್ಟಿತು. ಅದರ ಮಾರನೆಯ ದಿನ ಮತ್ತೇನೋ. ಅದೂ ಅಲ್ಲದೆ, ಅವಸರವಾದರೂ ಏನಿತ್ತು? ಅರ್ಜೆಂಟು ಎನ್ನುವವರು ಬರುವುದೇ ನಿಂತುಹೋಗಿತ್ತು. ದಿಂಬಿನ ಚೀಲ ಹಿಡಿದು ಬಂದವರು ಗಾಜಿನ ಬೀರು ಕಂಡು, ಎದುರಿನ ಅಂಗಡಿಗೇ ಬಂದವರಂತೆ ರಸ್ತೆ ದಾಟಿಬಿಡುತ್ತಿದ್ದರು. ಹಸಿದವನ ತಟ್ಟೆಗೆ ದೀಪದ ಸರ ಕಟ್ಟಿದರೆ ಅವನು ಉಣ್ಣುತ್ತಾನೆಯೇ?

ಸಮಾರಂಭಕ್ಕೆ ಒಂದು ದಿನ ಉಳಿದಿತ್ತು. ಬೆಳಿಗ್ಗೆ ಚಹಾ ಕುಡಿಯುತ್ತ ಗಂಡ ಫೋನು ಮುಂದೆ ಹಿಡಿದ. “ನಿನ್ನೆ ನೀನು ಸೋಪಿನ ಪುಡಿ ತರೋಕೆ ಹೋಗಿದ್ಯಲ್ಲ, ಆಗ ಬೋಣಿ ಆಯ್ತು. ನೋಡು, ಬೀದಿಯ ಗುಂಪಿಗೆ ಹಾಕಿದೀನಿ. ಎಲ್ರೂ ಚಪ್ಪಾಳೆ ಹೊಡೀತಿದಾರೆ.”

ಫೋಟೋದಲ್ಲಿ ಮೆಟ್ಟಿಲಿನವಳು ಇದ್ದಳು. ಎದುರು ಸಾಲಿನ ಎತ್ತರದ ಕಟ್ಟಡದ ಮೆಟ್ಟಿಲು ತೊಳೆದು, ಅದೇ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಲಗುವ ಹೆಂಗಸು. ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಕಿತ್ತಳೆ ಚೀಲವನ್ನು ಎದೆಗೆ ಹಿಡಿದು, ಹಲ್ಲು ಕೀಳಿಸಿಕೊಳ್ಳಲು ಕೂತವಳ ಹಾಗೆ ನಗುತ್ತಿದ್ದಳು. ಚೀಲದ ಬಾಯಲ್ಲಿ ನೀಲಿ ಬಟ್ಟೆ, ಅದರ ತುದಿಗೆ ಮಖಮಲ್ಲಿನ ಕಾಲರು.

“ನೀಲಿ ಕೋಟು ಕೊಟ್ರಾ?”

“ಹೂಂ. ಹುಡುಗಿಯರ ಹಾಸ್ಟೆಲಲ್ಲಿ ಕೆಲಸಕ್ಕೆ ಕರೆದಿದಾರಂತೆ, ಇವತ್ತು ಬೆಳಿಗ್ಗೆ. ಎಷ್ಟು ಚೆನ್ನಾಗಿ ಒಪ್ಪಿತು ಗೊತ್ತಾ.”

“ಅದು ಮೂರನೇ ಮಹಡಿ ಮೇಡಂ ಕೋಟು ರೀ! ಇವಳು ದಿನಾ ಮೆಟ್ಟಿಲು ತೊಳೆಯೋದು ಅದೇ ಕಟ್ಟಡದ್ದು!”

ಗಂಡನ ಲೋಟ ತುಟಿಯ ಹತ್ತಿರ ಒಂದು ಕ್ಷಣ ನಿಂತಿತು. “ಬಿಟ್ಟು ಎಷ್ಟು ಕಾಲ ಆಯ್ತು. ಮರೆತಿರ್ತಾರೆ ಬಿಡು.”

ಅವಳು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದಳು. ಮೆಟ್ಟಿಲ ಕೆಳಗಿನ ಕೋಣೆಗೆ ಬೀಗ ಬಿದ್ದಿತ್ತು. ಬಕೆಟ್ಟು ಬೋರಲಾಗಿತ್ತು. ಮೇಲೆಲ್ಲೋ ಹೆಂಗಸರ ಗುಂಪಿನ ನಗು ಕೇಳಿಸುತ್ತಿತ್ತು, ಸುಮ್ಮನೆ ಸಂತೋಷದ ನಗು.

ಮಧ್ಯಾಹ್ನ ಮೆಟ್ಟಿಲಿನವಳು ಹಿಂಬಾಗಿಲಿಗೆ ಬಂದಳು. ಮೈಮೇಲೆ ಕೆಲಸದ ಬಟ್ಟೆ, ಅಂಚು ಇನ್ನೂ ಒದ್ದೆ. ಕೈಯಲ್ಲಿ ಬಿಳಿಚಿಕೊಂಡ ಒಂದು ಚೀಲ. ಅದೇ ಕಿತ್ತಳೆ ಚೀಲ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಕ್ಷರ ಕಾಣದಂತೆ ಅದನ್ನು ಒಳಮೈ ಹೊರಗೆ ಮಾಡಿ ತಿರುಗಿಸಿದ್ದಳು.

“ತಗೊಳ್ಳಿ ಅಕ್ಕ. ಕೊಳೆಯಾಗಿಲ್ಲ.”

“ಒಳಗೆ ಬಾ. ಕೂತ್ಕೋ.”

“ಕೂರಲ್ಲ.” ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. “ಮೆಟ್ಟಿಲಲ್ಲಿ ಮೇಡಂ ಎದುರಾದ್ರು. ‘ಅರೆ, ಇದು ನನ್ನ ಕೋಟಲ್ವಾ!’ ಅಂದ್ರು. ಬೈಲಿಲ್ಲ ಅಕ್ಕ. ಬೈದಿದ್ರೆ ನಾನೂ ಬೈತಿದ್ದೆ, ಸರಿ ಹೋಗ್ತಿತ್ತು. ನಕ್ಕರು. ‘ಪರವಾಗಿಲ್ಲ, ನೀನೇ ಹಾಕ್ಕೋ, ನನಗಿಂತ ನಿನಗೇ ಚೆನ್ನಾಗಿದೆ’ ಅಂತ ತೋಳು ಎಳೆದು ನೇರ ಮಾಡಿದ್ರು. ಆಮೇಲೆ ಒಂದೊಂದೇ ಬಾಗಿಲು ತಟ್ಟಿ ಕರೆದ್ರು. ‘ಬನ್ರೀ, ಫೋಟೋದಲ್ಲಿ ಬಂದಿರೋದು ನಮ್ಮ ಮೆಟ್ಟಿಲಿನವಳೇ, ನನ್ನ ಕೋಟಲ್ಲಿ!’”

“ನೀನೇನಂದೆ?”

“ಏನನ್ನಲಿ? ಥ್ಯಾಂಕ್ಸ್ ಅಂದೆ.” ಆ ಮಾತನ್ನು ಉಗುಳುವ ಹಾಗೆ ಹೇಳಿದಳು. “ಅಲ್ಲೇ ಬಿಚ್ಚಿದೆ. ಬಸ್ಸು ಬಂತು. ಹತ್ತಲಿಲ್ಲ. ಹಾಸ್ಟೆಲಲ್ಲಿ ಇರೋಕೆ ರೂಮು ಕೊಡ್ತೀವಿ ಅಂದಿದ್ರು ಅಕ್ಕ, ಕಿಟಕಿ ಇರೋ ರೂಮು.”

“ಮತ್ತೆ ಕರೀತಾರಾ?”

“ಹುಷಾರಿಲ್ಲ ಅಂತ ಫೋನ್ ಮಾಡಿದೆ. ಸೋಮವಾರ ಬಾ ಅಂದ್ರು. ಹೋಗಲ್ಲ. ಯಾವ ಮುಖ ಹೊತ್ಕೊಂಡು ಹೋಗ್ಲಿ?” ತಲೆ ತಗ್ಗಿಸಿ ಕಾಲ ಹೆಬ್ಬೆರಳಿನಿಂದ ನೆಲ ಕೆರೆದಳು. “ನಿಮ್ಮ ಕೈಯಿಂದ ತಗೊಂಡಿದ್ರೆ ಹಿಂಗಾಗ್ತಿರಲಿಲ್ಲ.”

ಅದು ದೂರು ಆಗಿರಲಿಲ್ಲ. ದೂರು ಆಗಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಪರದೆ ಸರಿಸಿ ಗಂಡ ಬಂದ. “ಓಹೋ, ಬಂದ್ಯಾ ತಾಯಿ! ನಾಳೆ ಸಂಜೆ ಸಭಾಭವನಕ್ಕೆ ಬಂದುಬಿಡು. ಅದೇ ಕೋಟು ಹಾಕ್ಕೊಂಡು. ಎರಡು ಮಾತು ಹೇಳಿದ್ರೆ ಸಾಕು.”

ಮೆಟ್ಟಿಲಿನವಳು ಇಬ್ಬರನ್ನೂ ನೋಡಲಿಲ್ಲ. “ಬಕೆಟ್ಟು ಹಾಗೇ ಬಿಟ್ಟು ಬಂದಿದೀನಿ ಅಣ್ಣ,” ಎಂದು ಹೊರಟುಹೋದಳು.

“ನೀನು ಹೇಳಿದ್ರೆ ಬರ್ತಾಳೆ,” ಎಂದ ಗಂಡ. “ಹೇಳು.”

“ಹೇಳಲ್ಲ.”

“ಯಾಕೇ?”

ಆಗ ಅವಳ ಬಾಯಿಯ ಕಟ್ಟೆ ಒಡೆಯಿತು. “ಯಾಕಾ? ಅವಳ ಕೆಲಸ ಹೋಯ್ತು, ಅದಕ್ಕೆ! ಕಿಟಕಿ ಇರೋ ಒಂದು ಕೋಣೆ ಹೋಯ್ತು, ಅದಕ್ಕೆ! ನಾನು ಇಷ್ಟು ವರ್ಷ ಕೂತು ಗುಂಡಿ ಕೀಳ್ತಿದ್ದದ್ದು ಕೈಗೆ ಕೆಲಸ ಇಲ್ಲದೆ ಅಂದ್ಕೊಂಡ್ರಾ? ಒಂದು ದಿನ ಕೇಳಿದ್ರಾ, ಯಾಕೆ ಕೀಳ್ತೀಯಾ ಅಂತ? ಬಣ್ಣದ ಪ್ರಕಾರ ಜೋಡಿಸಿದ್ರಂತೆ! ಅವಳ ಮಾನ ಯಾವ ಬಣ್ಣದಲ್ಲಿತ್ತು, ಹೇಳಿ!”

ಗಂಡ ಹೆದರಿದವನಂತೆ ಅಂಗಡಿಯ ಕಡೆ ತಿರುಗಿ ನೋಡಿದ. ಗಿರಾಕಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಧೈರ್ಯ ಬಂತು. “ಕಿರುಚಬೇಡ. ಒಂದು ಕೋಟು ತಾನೆ! ಯಾರೋ ನೋಡಿದ್ರು, ಯಾರೋ ನಕ್ಕರು. ಅಷ್ಟಕ್ಕೇ ಪ್ರಾಣ ಹೋಯ್ತಾ?”

ಅವಳು ಸುಮ್ಮನಾದಳು. ಸುಮ್ಮನಾದದ್ದನ್ನು ಗಂಡ ಸಮಾಧಾನವೆಂದು ತಿಳಿದ. ಮದುವೆಯಾದಾಗಿನಿಂದಲೂ ಹಾಗೆಯೇ ತಿಳಿಯುತ್ತ ಬಂದವನು.

“ನೋಡು, ಅವಳು ಬರದಿದ್ರೆ ಹಾಳಾಗಿ ಹೋಗ್ಲಿ, ಕಾರ್ಯದರ್ಶಿಗೆ ನಾನೇ ಏನಾದ್ರೂ ಹೇಳ್ತೀನಿ,” ಎಂದು ಮೆತ್ತಗಾದ. “ನಾಳೆಗೆ ನನಗೇ ಒಂದು ಕೋಟು ಬೇಕಲ್ಲ. ಬೀರುಲಿ ಒಂದು ಕಂದು ಕೋಟು ಸಿಕ್ತು. ಹಾಕಿ ನೋಡ್ದೆ, ನನಗೇ ಅಳತೆ ತಗೊಂಡು ಹೊಲಿದ ಹಾಗಿದೆ. ಒಳಗಡೆ ಹಸಿರು ರೇಷ್ಮೆ! ಯಾವ ರಾಜ ಬಿಟ್ಟುಹೋಗಿದ್ನೋ. ಇಸ್ತ್ರಿ ಮಾಡಿಟ್ಟಿರು.”

ಕೋಟನ್ನು ತಂದು ಮೇಜಿನ ಮೇಲೆ ಹಾಕಿ, ಸಿಳ್ಳೆ ಹಾಕುತ್ತ ಹೋದ. ಎರವಲು ಪಡೆಯುವ ನಾಚಿಕೆ ಅವನ ಹತ್ತಿರ ಸುಳಿದಿರಲಿಲ್ಲ. ದಿಂಬಿನ ಚೀಲ ತಂದಿರಲಿಲ್ಲ, ಅರ್ಜೆಂಟು ಎಂದಿರಲಿಲ್ಲ.

ಮೊದಲು ಅವಳು ನೀಲಿ ಕೋಟು ಕೈಗೆತ್ತಿಕೊಂಡಳು. ಮಖಮಲ್ಲಿನ ಕಾಲರನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ಅದರ ಜಾಗಕ್ಕೆ ಅಂಚಿನಿಂದ ತೆಗೆದ ನೀಲಿ ಬಟ್ಟೆಯನ್ನೇ ಕೂರಿಸಿದಳು. ಜೇಬಿನ ಮುಚ್ಚಳ ಕಿತ್ತಳು. ಸೊಂಟದ ಪಟ್ಟಿ ತೆಗೆದಳು. ಹೊಳೆಯುವ ಗುಂಡಿಗಳು ಒಂದೊಂದಾಗಿ ಡಬ್ಬಿಗೆ ಬಿದ್ದವು. ಅತ್ತೆ ಕೇಳದೆಯೇ ಆರು ಸಾದಾ ಗುಂಡಿ ಆರಿಸಿ ಅವಳ ಅಂಗೈಗೆ ಹಾಕಿದಳು. ಅದು ಕ್ಷಮೆ ಕೇಳಿದ್ದೋ, ಬರಿಯ ಅಭ್ಯಾಸವೋ, ಅವಳು ಯೋಚಿಸಲು ಹೋಗಲಿಲ್ಲ. ಮುಗಿದಾಗ ಅದು ಯಾರದೂ ಅಲ್ಲದ, ಯಾರದಾದರೂ ಆಗಬಹುದಾದ ಕೋಟಾಗಿತ್ತು. ಮೆಟ್ಟಿಲಿನವಳು ಹಿಂದಿನ ದಿನ ಬಿಟ್ಟುಹೋಗಿದ್ದ ದಿಂಬಿನ ಚೀಲವನ್ನು ಒಗೆದು ಒಣಗಿಸಿ ಆಗಿತ್ತು. ಅದನ್ನು ಮೇಲಿಟ್ಟು ಎರಡನ್ನೂ ಕಂದು ಕಾಗದದಲ್ಲಿ ಕಟ್ಟಿದಳು. ಸೋಮವಾರದ ಮೊದಲೇ ತಾನೇ ತೆಗೆದುಕೊಂಡು ಹೋಗಿ, ನಿನ್ನ ದಿಂಬಿನ ಚೀಲ ಆಗಿದೆ ಎಂದು ಕೊಡುವುದು. ಹಾಕಿಕೊಳ್ಳುವುದು ಬಿಡುವುದು ಅವಳಿಷ್ಟ.

ಆಮೇಲೆ ಕಂದು ಕೋಟು.

ಕತ್ತರಿಯ ತುದಿ ಮೊದಲ ಕೊಂಬಿನ ಗುಂಡಿಯ ಕೆಳಗೆ, ದಾರದ ಮೇಲೆ ಹೋಗಿ ಕೂತಿತು. ಕೈಗೆ ಅದೇ ರೂಢಿ. ಒಂದು ಕಚ್ಚು ಹಾಕಿದರೆ ಸಾಕಿತ್ತು. ಮೂರು ಸಾದಾ ಗುಂಡಿ, ಅಸ್ತರಿನ ಅಂಚಿಗೆ ಒಂದು ಕಂದು ಪಟ್ಟಿ. ಆಮೇಲೆ ಚಪ್ಪಲಿ ಅಂಗಡಿಯ ಯಜಮಾನನಿಗೂ ಗುರುತು ಸಿಗುತ್ತಿರಲಿಲ್ಲ.

ನಾಳೆ ಸಂಜೆ ಫಲಕ ಕೊಡಲು ಆತ ಎದುರಿಗೇ ನಿಲ್ಲುತ್ತಾನೆ. ಕೈಯಲ್ಲಿ ಮೈಕು. ಕಣ್ಣು ಮೊದಲು ಬೀಳುವುದು ಗುಂಡಿಯ ಮೇಲೆ. ಆತ ಬೈಯುವವನಲ್ಲ, ತಮಾಷೆಯ ಮನುಷ್ಯ. ನಗುತ್ತಾನೆ. ‘ಪರವಾಗಿಲ್ಲ, ನನಗಿಂತ ನಿಮಗೇ ಚೆನ್ನಾಗಿದೆ’ ಎಂದು ತೋಳು ಎಳೆದು ನೇರ ಮಾಡುತ್ತಾನೆ. ಸಭೆಯೆಲ್ಲ ನಗುತ್ತದೆ, ಸುಮ್ಮನೆ ಸಂತೋಷದ ನಗು. ಗಂಡ ಏನನ್ನಬಹುದು? ಥ್ಯಾಂಕ್ಸ್ ಎನ್ನಬಹುದು.

ಚಹಾದ ಅಂಗಡಿಯ ಮುಂದೆ ಆ ಹೆಸರಿಗೆ ಓಗೊಟ್ಟು ನಕ್ಕ ಮುಖ ಕಣ್ಣ ಮುಂದೆ ಬಂದಿತು. ಕತ್ತರಿಯ ಬಾಯಿ ಸ್ವಲ್ಪ ತೆರೆಯಿತು. ಅದರ ಹಿಂದೆಯೇ, ಚೀಲವನ್ನು ಎದೆಗೆ ಹಿಡಿದ ಇನ್ನೊಂದು ಮುಖ ಬಂದಿತು. ಒಂದು ಕೋಟು ತಾನೆ, ಎಂದಿದ್ದ ಗಂಡ.

“ಅವನ ಕೋಟಾ ಅದು?” ಕಿಟಕಿಯ ಬಳಿಯಿಂದ ಅತ್ತೆ ಕೇಳಿದಳು. “ಗುಂಡಿ ಬೇಕಾ?”

“ಬೇಡ ಅತ್ತೆ. ಇರೋದು ಗಟ್ಟಿಯಾಗೇ ಇದಾವೆ.”

ಅವಳು ಕತ್ತರಿಯನ್ನು ಅದರ ಮೊಳೆಗೆ ತೂಗುಹಾಕಿದಳು. ವೇದಿಕೆಯ ಮೇಲೆ ಬೀರುವಿನ ಬಟ್ಟೆ ತೊಟ್ಟವರು ಒಬ್ಬರಾದರೂ ಇರಬೇಕು ಎಂದು ಕಾರ್ಯದರ್ಶಿ ಹೇಳಿದ್ದನಲ್ಲ. ಇರುತ್ತಾರೆ. ಇಸ್ತ್ರಿ ಪೆಟ್ಟಿಗೆ ಕಾದಿದೆಯೇ ಎಂದು ಬೆರಳಿನಿಂದ ನೀರು ಚಿಮುಕಿಸಿ ನೋಡಿದಳು. ಚುಂಯ್ ಎಂದಿತು. ಕಾಲರಿನ ಮೇಲೆ ಒದ್ದೆ ಬಟ್ಟೆ ಹಾಸಿ, ತುದಿಯಿಂದ ನಡುವಿಗೆ, ಒಂದು ಸುಕ್ಕೂ ಉಳಿಯದಂತೆ ಒ‌ತ್ತತೊಡಗಿದಳು.